ಹೈದರಾಬಾದಿನ ಹದಿನಾರು ನಿಮಿಷ: ರೇಖಾಂಶ, ಗಡಿಯಾರ ಮತ್ತು ತೀರದ ಒಂದು ವಾದ

ಪ್ರತಿವರ್ಷ ಮೇ 9ರ ಸುಮಾರಿಗೆ ಒಮ್ಮೆ, ಆಗಸ್ಟ್ 3ರ ಸುಮಾರಿಗೆ ಇನ್ನೊಮ್ಮೆ ಹೈದರಾಬಾದಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅದರ ಬುಡದೊಳಗೇ ಅಡಗುತ್ತದೆ. ವಿಜ್ಞಾನದ ಮೇಷ್ಟ್ರುಗಳು ಮಕ್ಕಳನ್ನು ಅಂಗಳಕ್ಕೆ ಕರೆತಂದು ‘ಶೂನ್ಯ ನೆರಳಿನ ದಿನ’ ಆಚರಿಸುತ್ತಾರೆ. ಆದರೆ ಆ ಗಳಿಗೆ ಗಡಿಯಾರದ ಹನ್ನೆರಡಕ್ಕೆ ಒದಗುವುದಿಲ್ಲ. ಮೇ ತಿಂಗಳಲ್ಲಿ ಅದು 12 ಗಂಟೆ 12 ನಿಮಿಷದ ಹೊತ್ತಿಗೆ, ಆಗಸ್ಟ್‌ನಲ್ಲಿ 12 ಗಂಟೆ 22 ನಿಮಿಷ ದಾಟಿದ ಮೇಲೆ ಬರುತ್ತದೆ. ವರ್ಷದ ಸರಾಸರಿ ತೆಗೆದರೆ ಹೈದರಾಬಾದಿನ ನಡುಹಗಲು ನಮ್ಮ ಪ್ರಮಾಣಕಾಲದ ಹನ್ನೆರಡಕ್ಕಿಂತ ಹದಿನಾರು ನಿಮಿಷ ತಡ.

ಈ ಅಂತರವನ್ನು ಯಾರು ತಂದರು, ಹೀಗೇ ಇರಬೇಕೆ, ಇನ್ನಷ್ಟು ಹಿಗ್ಗಿಸಬೇಕೆ, ದೇಶದ ಒಂದು ಭಾಗಕ್ಕೆ ಬೇರೆ ಗಡಿಯಾರವನ್ನೇ ಕೊಡಬೇಕೆ ಎಂಬ ಚರ್ಚೆ ನೂರೈವತ್ತು ವರ್ಷಗಳಿಂದ ನಡೆದಿದೆ. ಖಗೋಳಜ್ಞರು, ರೈಲ್ವೆಯವರು, ಗಿರಣಿ ಕೆಲಸಗಾರರು, ವಿದ್ಯುತ್ ತಜ್ಞರು, ಅರ್ಥಶಾಸ್ತ್ರಜ್ಞರು ಎಲ್ಲರೂ ಇದರಲ್ಲಿ ಪಾಲುಗೊಂಡಿದ್ದಾರೆ. ಕನ್ನಡಿಗರಿಗೂ ಇದರಲ್ಲಿ ಸಣ್ಣದಲ್ಲದ ಪಾಲಿದೆ.

ನಾಲ್ಕು ನಿಮಿಷದ ಲೆಕ್ಕ

ಭೂಮಿ 24 ಗಂಟೆಯಲ್ಲಿ 360 ಅಂಶ ತಿರುಗುತ್ತದೆ. ಹಾಗಾಗಿ 15 ಅಂಶಕ್ಕೆ ಒಂದು ಗಂಟೆ, ಒಂದು ಅಂಶಕ್ಕೆ ನಾಲ್ಕು ನಿಮಿಷ. ಪೂರ್ವದ ಊರಿಗೆ ಸೂರ್ಯ ಮೊದಲು ಬರುತ್ತಾನೆ, ಪಶ್ಚಿಮದ ಊರಿಗೆ ಆಮೇಲೆ. ನಮ್ಮ ಪ್ರಮಾಣಕಾಲವನ್ನು ಅಳೆಯುವುದು 82.5 ಅಂಶ ಪೂರ್ವ ರೇಖಾಂಶದಿಂದ. ಅದು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದು, ಆಂಧ್ರದ ಕಾಕಿನಾಡದ ಆಸುಪಾಸಿನಲ್ಲಿ ಕಡಲಿಗೆ ಇಳಿಯುತ್ತದೆ. ಚಾರ್‌ಮಿನಾರ್ ಇರುವುದು 78.47 ಅಂಶದಲ್ಲಿ. ನಡುವಿನ ನಾಲ್ಕು ಅಂಶವನ್ನು ನಾಲ್ಕರಿಂದ ಗುಣಿಸಿದರೆ ಹದಿನಾರು ನಿಮಿಷ.

ಇದೇ ಲೆಕ್ಕದಲ್ಲಿ ಬೀದರಿನ ಸೂರ್ಯ ಗಡಿಯಾರಕ್ಕಿಂತ ಸುಮಾರು 20 ನಿಮಿಷ ಹಿಂದಿದ್ದಾನೆ. ರಾಯಚೂರಿನಲ್ಲಿ 21, ಕಲಬುರಗಿಯಲ್ಲಿ 23, ಬೆಂಗಳೂರಿನಲ್ಲಿ 20 ನಿಮಿಷ. ಕಾಸರಗೋಡು 75 ಅಂಶದ ಗೆರೆಯ ಮೇಲೇ ಕುಳಿತಿರುವುದರಿಂದ ಅಲ್ಲಿ ಸರಿಯಾಗಿ ಅರ್ಧ ಗಂಟೆ. ಕಾರವಾರದಲ್ಲಿ ಅದನ್ನೂ ಮೀರಿ 33 ನಿಮಿಷ. ಕರ್ನಾಟಕದ ಒಂದು ಊರಿನಲ್ಲೂ ಸರಾಸರಿ ನಡುಹಗಲು ಗಡಿಯಾರದ ಹನ್ನೆರಡಕ್ಕೆ ಬರುವುದಿಲ್ಲ.

ಹೈದರಾಬಾದಿನ ಅಕ್ಷಾಂಶದಲ್ಲಿ ಪೂರ್ವ-ಪಶ್ಚಿಮವಾಗಿ ಸುಮಾರು 26.5 ಕಿಲೋಮೀಟರ್ ಸರಿದರೆ ಸೂರ್ಯನ ಕಾಲ ಒಂದು ನಿಮಿಷ ಬದಲಾಗುತ್ತದೆ. ಈಗ ಹೈದರಾಬಾದ್ ಪಶ್ಚಿಮದ ಪಟಾಣ್‌ಚೆರುವಿನಿಂದ ಪೂರ್ವದ ಘಟಕೇಸರದವರೆಗೆ ಹಬ್ಬಿದೆ. ಈ ಒಂದೇ ನಗರದ ಎರಡು ತುದಿಗಳ ನಡುಹಗಲಿಗೆ ಒಂದೂವರೆ ನಿಮಿಷಕ್ಕೂ ಹೆಚ್ಚಿನ ವ್ಯತ್ಯಾಸವಿದೆ. ಪ್ರತಿ ಊರೂ ತನ್ನ ಸೂರ್ಯನ ಕಾಲವನ್ನೇ ಪಾಲಿಸಬೇಕು ಎಂದು ಹಟ ಹಿಡಿದರೆ ಒಂದೇ ನಗರದಲ್ಲಿ ಎರಡು ಗಡಿಯಾರ ಬೇಕಾದೀತು.

ರೇಖಾಂಶ ತಿಳಿಸುವುದು ಸರಾಸರಿಯನ್ನು ಮಾತ್ರ. ಭೂಮಿಯ ಕಕ್ಷೆ ದೀರ್ಘವೃತ್ತ, ಅದರ ಅಕ್ಷ ಓರೆ. ಈ ಎರಡು ಕಾರಣದಿಂದ ನಿಜವಾದ ಸೂರ್ಯ ಸರಾಸರಿ ಸೂರ್ಯನಿಗಿಂತ ಒಮ್ಮೆ ಮುಂದೆ, ಒಮ್ಮೆ ಹಿಂದೆ ಇರುತ್ತಾನೆ. ಇದನ್ನು ಕಾಲಸಮೀಕರಣ ಎನ್ನುತ್ತಾರೆ. ಫೆಬ್ರವರಿ 11ರ ಸುಮಾರಿಗೆ ಸೂರ್ಯ 14 ನಿಮಿಷ ತಡ, ನವೆಂಬರ್ 3ರ ಸುಮಾರಿಗೆ 16 ನಿಮಿಷಕ್ಕೂ ಮಿಕ್ಕಿ ಬೇಗ. ಹೈದರಾಬಾದಿನ ಮಟ್ಟಿಗೆ ಇದೊಂದು ಸೊಗಸಾದ ಕಾಕತಾಳೀಯ. ನವೆಂಬರ್ ಮೊದಲ ವಾರದಲ್ಲಿ ರೇಖಾಂಶದ ಹದಿನಾರು ನಿಮಿಷವೂ ಕಾಲಸಮೀಕರಣದ ಹದಿನಾರು ನಿಮಿಷವೂ ಒಂದನ್ನೊಂದು ಕಳೆದುಕೊಂಡು, ಸೂರ್ಯನ ಹನ್ನೆರಡೂ ಗಡಿಯಾರದ ಹನ್ನೆರಡೂ ಕೆಲವೇ ಸೆಕೆಂಡುಗಳ ಅಂತರಕ್ಕೆ ಬರುತ್ತವೆ. ಫೆಬ್ರವರಿಯಲ್ಲಿ ಅದೇ ನಡುಹಗಲು ಹನ್ನೆರಡೂವರೆಗೆ ಹೋಗುತ್ತದೆ.

ಉಜ್ಜಯಿನಿಯ ಗೆರೆ, ಮದ್ರಾಸಿನ ಗಡಿಯಾರ

ರೇಖಾಂಶವೇ ಕಾಲ ಎಂಬ ಅರಿವು ನಮ್ಮಲ್ಲಿ ಹೊಸದಲ್ಲ. ಲಂಕೆಯಲ್ಲಿ ಸೂರ್ಯೋದಯವಾದಾಗ ಯಮಕೋಟಿಯಲ್ಲಿ ನಡುಹಗಲು, ಸಿದ್ಧಪುರದಲ್ಲಿ ಸೂರ್ಯಾಸ್ತ, ರೋಮಕದಲ್ಲಿ ನಡುರಾತ್ರಿ ಎಂದು ಆರ್ಯಭಟ ಹೇಳಿದ್ದಾನೆ. ಲಂಕೆಯಿಂದ ಉಜ್ಜಯಿನಿಯ ಮೂಲಕ ಉತ್ತರಕ್ಕೆ ಹೋಗುವ ಗೆರೆಯೇ ಸಿದ್ಧಾಂತಕಾರರ ಮೂಲ ರೇಖೆ. ಆ ಗೆರೆಯಿಂದ ಪೂರ್ವಕ್ಕೋ ಪಶ್ಚಿಮಕ್ಕೋ ಇರುವ ಊರಿಗೆ ದೇಶಾಂತರ ಸಂಸ್ಕಾರ ಮಾಡಿಯೇ ಪಂಚಾಂಗ ಬರೆಯಬೇಕು. ಆರು ಅಂಶಕ್ಕೆ ಒಂದು ಘಳಿಗೆ. ಉಜ್ಜಯಿನಿಯಿಂದ ಹೈದರಾಬಾದಿಗೆ ಅರ್ಧ ಘಳಿಗೆಗೆ ತುಸು ಕಡಿಮೆ. ದೇಶಾಂತರವನ್ನು ತಿಳಿಯುವ ಬಗೆಯನ್ನೂ ಸೂರ್ಯಸಿದ್ಧಾಂತ ಹೇಳುತ್ತದೆ. ಚಂದ್ರಗ್ರಹಣ ಎಲ್ಲರಿಗೂ ಒಂದೇ ಕ್ಷಣದಲ್ಲಿ ಕಾಣುತ್ತದೆ. ಮೂಲ ರೇಖೆಗೆ ಗಣಿಸಿದ ಹೊತ್ತಿಗೂ ನಮ್ಮೂರಿನಲ್ಲಿ ಕಂಡ ಹೊತ್ತಿಗೂ ಇರುವ ವ್ಯತ್ಯಾಸವೇ ನಮ್ಮೂರಿನ ದೇಶಾಂತರ. ತತ್ತ್ವ ನಿರ್ದುಷ್ಟವಾಗಿತ್ತು. ಕೊರತೆ ಇದ್ದದ್ದು ಕ್ಷಣವನ್ನು ಹಿಡಿಯುವ ಗಡಿಯಾರದಲ್ಲಿ.

ಆ ಗಡಿಯಾರ ದಕ್ಷಿಣ ಭಾರತಕ್ಕೆ ಬಂದದ್ದು ಮದ್ರಾಸ್ ವೀಕ್ಷಣಾಲಯದ ಮೂಲಕ. 1802ರಲ್ಲಿ ಜಾನ್ ಗೋಲ್ಡಿಂಗ್‌ಹ್ಯಾಮ್ ಅಲ್ಲಿನ ಕಾಲವನ್ನು ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ ಮುಂದೆ ಎಂದು ನಿಗದಿ ಮಾಡಿದ. ಅದೇ ವರ್ಷ ವಿಲಿಯಂ ಲ್ಯಾಂಬ್ಟನ್ ಸೇಂಟ್ ಥಾಮಸ್ ಬೆಟ್ಟದ ಬಳಿ ಆಧಾರರೇಖೆ ಅಳೆದು ಮಹಾ ತ್ರಿಕೋನಮಿತಿ ಸಮೀಕ್ಷೆಗೆ ಕೈಹಾಕಿದ. ಅವನ ಮಹಾ ಚಾಪ ಬೆಂಗಳೂರಿನ ಸೀಮೆಯನ್ನು ದಾಟಿ ನಿಜಾಮರ ರಾಜ್ಯಕ್ಕೆ ಬಂತು. 1815ರಲ್ಲಿ ಬೀದರಿನ ಬಳಿ ಇನ್ನೊಂದು ಆಧಾರರೇಖೆಯ ಅಳತೆಯಾಯಿತು. ಆ ಪ್ರದೇಶದ ದಾಮರಗಿದ್ದ ಎಂಬ ಠಾಣೆಯ ಹೆಸರು ಭೂಮಿತಿಯ ಪುಸ್ತಕಗಳಲ್ಲಿ ಇಂದಿಗೂ ಉಳಿದಿದೆ. ಆಗ ಭಾರತದ ನಕ್ಷೆಗಳಿಗೆಲ್ಲ ರೇಖಾಂಶದ ಮೂಲ ಮದ್ರಾಸ್ ಆಗಿತ್ತು. ಆ ಮೂಲದಲ್ಲೇ ಎರಡೂವರೆ ಕಲೆಯಷ್ಟು (ಅಂಶದ ಅರವತ್ತನೆಯ ಒಂದು ಪಾಲು ಕಲೆ) ತಪ್ಪಿತ್ತು, ಕಾಲದಲ್ಲಿ ಹೇಳುವುದಾದರೆ ಹತ್ತು ಸೆಕೆಂಡು. ತಂತಿಯ ಮೂಲಕ ಎರಡು ಊರುಗಳ ಗಡಿಯಾರವನ್ನು ಹೋಲಿಸುವ ಪದ್ಧತಿ 1870ರ ದಶಕದಲ್ಲಿ ಬಂದ ಮೇಲೆ ಇಂಥ ತಪ್ಪುಗಳನ್ನು ಹಿಡಿಯಲು ಸಾಧ್ಯವಾಯಿತು. ನೆಲದ ಮೇಲಿನ ನಾಲ್ಕು ಕಿಲೋಮೀಟರಿಗೂ ಮೀರಿದ ದೂರ ಗಡಿಯಾರದ ಹತ್ತು ಸೆಕೆಂಡಿನಲ್ಲಿ ಅಡಗಿತ್ತು.

ಇಲ್ಲಿ ಚಿಂತಾಮಣಿ ರಘುನಾಥಾಚಾರ್ಯರನ್ನು ನೆನೆಯಲೇಬೇಕು. ಮದ್ರಾಸ್ ವೀಕ್ಷಣಾಲಯದಲ್ಲಿ ಸಹಾಯಕರಾಗಿದ್ದ ಅವರು 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ವೀಕ್ಷಿಸಲು ನಿಜಾಮರ ಸೀಮೆಯ ವನಪರ್ತಿಗೆ ಬಂದಿದ್ದರು. ಕಣ್ಣಿಗೆ ಕಂಡದ್ದರ ಜೊತೆ ಗಣಿತ ಹೊಂದಬೇಕು ಎಂಬುದು ಅವರ ನಿಲುವು. ಹಳೆಯ ಕೋಷ್ಟಕಗಳನ್ನು ಬಿಟ್ಟು ದೃಗ್ಗಣಿತ ಪಂಚಾಂಗ ಹೊರಡಿಸಿ, ಸಂಪ್ರದಾಯಸ್ಥರ ವಿರೋಧವನ್ನೂ ಎದುರಿಸಿದರು. ದೇಶಭಾಷೆಗಳಲ್ಲಿ ಖಗೋಳ ಹೇಳಿಕೊಡಬೇಕು ಎಂದು ಅವರಷ್ಟು ಹಂಬಲಿಸಿದವರು ಆ ಕಾಲದಲ್ಲಿ ವಿರಳ.

ಹೈದರಾಬಾದಿಗೆ ತನ್ನದೇ ವೀಕ್ಷಣಾಲಯ ಬಂದದ್ದು 1901ರಲ್ಲಿ. ನವಾಬ್ ಜಫರ್ ಜಂಗ್ ತಮ್ಮ ಹಣದಲ್ಲಿ 15 ಅಂಗುಲದ ದೂರದರ್ಶಕ ತರಿಸಿ ಅದನ್ನು ಕಟ್ಟಿದರು. 1908ರಲ್ಲಿ ನಿಜಾಮ್ ಸರ್ಕಾರ ವಹಿಸಿಕೊಂಡಿತು, 1919ರಲ್ಲಿ ಅದು ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಸೇರಿತು. ಬೇಗಂಪೇಟೆಯ ಈ ನಿಜಾಮಿಯಾ ವೀಕ್ಷಣಾಲಯ ಅಂತರರಾಷ್ಟ್ರೀಯ ನಕ್ಷತ್ರ ಪಟ್ಟಿಯ ಕೆಲಸದಲ್ಲಿ ಆಕಾಶದ ಒಂದು ಪಟ್ಟಿಯನ್ನೇ ಹೊತ್ತು ಮುಗಿಸಿತು.

ರೈಲಿನ ಹೊತ್ತು, ಊರಿನ ಹೊತ್ತು

ಎತ್ತಿನ ಗಾಡಿಯ ಪಯಣಿಗನಿಗೆ ದೇಶಾಂತರದ ನಾಲ್ಕೈದು ನಿಮಿಷ ಗೊತ್ತೇ ಆಗುತ್ತಿರಲಿಲ್ಲ. ರೈಲು ಬಂದಾಗ ಎಲ್ಲ ಬದಲಾಯಿತು. 1871ರಲ್ಲಿ ಮುಂಬಯಿಯಿಂದ ಬಂದ ಹಳಿ ಮತ್ತು ಮದ್ರಾಸಿನಿಂದ ಬಂದ ಹಳಿ ರಾಯಚೂರಿನಲ್ಲಿ ಕೂಡಿದವು. ಮುಂಬಯಿಯ ಕಾಲಕ್ಕೂ ಮದ್ರಾಸಿನ ಕಾಲಕ್ಕೂ ಅರ್ಧ ಗಂಟೆಯ ಅಂತರ. ರಾಯಚೂರಿನ ಸೂರ್ಯ ಮುಂಬಯಿಗಿಂತ 18 ನಿಮಿಷ ಮುಂದೆ, ಮದ್ರಾಸಿಗಿಂತ 12 ನಿಮಿಷ ಹಿಂದೆ. ಒಂದೇ ಹಳಿಯ ಮೇಲೆ ಎದುರುಬದುರು ಗಾಡಿ ಓಡಿಸುವವರಿಗೆ ಮೂರು ಕಾಲ ಇಟ್ಟುಕೊಂಡು ಬದುಕಲು ಆಗದು. ಆದ್ದರಿಂದ ಭಾರತದ ರೈಲುಗಳೆಲ್ಲ ಮದ್ರಾಸ್ ಕಾಲವನ್ನು ಒಪ್ಪಿಕೊಂಡವು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಬಂದಾಗ ಹೈದರಾಬಾದೂ ಆ ಜಾಲಕ್ಕೆ ಸೇರಿತು. ಊರಿನ ಸೂರ್ಯನಿಗಿಂತ ಮದ್ರಾಸ್ ಕಾಲ ಏಳು ನಿಮಿಷ ಮುಂದೆ.

ನಗರದ ಗಡಿಯಾರಗಳೂ ಆಗಲೇ ಹುಟ್ಟಿದವು. ಚಾರ್‌ಮಿನಾರಿನ ನಾಲ್ಕು ಮುಖಗಳಿಗೆ ಗಡಿಯಾರ ಕೂರಿಸಿದ್ದು 1889ರಲ್ಲಿ. ಮಹಬೂಬ್ ಚೌಕ, ಸಿಕಂದರಾಬಾದ್, ಫತೇ ಮೈದಾನಗಳ ಗಡಿಯಾರ ಗೋಪುರಗಳು ಅದರ ಹಿಂದೆಯೇ ಬಂದವು.

ಜಗತ್ತಿನಲ್ಲೆಲ್ಲ ಇದೇ ಕಥೆ. ಬ್ರಿಟನ್ನಿನ ರೈಲುಗಳು 1847ರಲ್ಲಿ ಗ್ರೀನಿಚ್ ಕಾಲಕ್ಕೆ ಬಂದವು, ಅಮೆರಿಕದ ರೈಲು ಕಂಪನಿಗಳು 1883ರ ನವೆಂಬರ್ 18ರಂದು ವಲಯಗಳನ್ನು ಜಾರಿಗೆ ತಂದವು. 1884ರ ವಾಷಿಂಗ್ಟನ್ ಸಮ್ಮೇಳನ ಗ್ರೀನಿಚ್ ಅನ್ನು ಮೂಲ ರೇಖೆಯಾಗಿ ಆರಿಸಿತು. ಫ್ರಾನ್ಸ್ ಮತ ಹಾಕದೆ ಕುಳಿತು, 1911ರವರೆಗೂ ಪ್ಯಾರಿಸ್ ಕಾಲವನ್ನೇ ಉಳಿಸಿಕೊಂಡಿತು.

1906 ಮತ್ತು ಮುಂಬಯಿಯ ಪ್ರತಿಭಟನೆ

1906ರ ಜನವರಿ 1ರಿಂದ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿನ ಪ್ರಮಾಣಕಾಲ ಭಾರತಕ್ಕೆ ಬಂತು. ಮದ್ರಾಸಿನವರಿಗೆ ಒಂಬತ್ತು ನಿಮಿಷದ ಬದಲಾವಣೆ. ಮುಂಬಯಿಯವರಿಗೆ ಮಾತ್ರ 39 ನಿಮಿಷ. ಅಲ್ಲಿ ಮೊದಲೇ ಗಾಯವಿತ್ತು. 1881ರಲ್ಲಿ ಗವರ್ನರ್ ಜೇಮ್ಸ್ ಫರ್ಗುಸನ್ ಮದ್ರಾಸ್ ಕಾಲವನ್ನು ಹೇರಿ, ಊರಿನ ವಿರೋಧಕ್ಕೆ ಮಣಿದು 1883ರಲ್ಲಿ ಹಿಂದೆಗೆದಿದ್ದ. 1906ರ ಜನವರಿಯಲ್ಲಿ ಗಿರಣಿ ಕೆಲಸಗಾರರು ಬೀದಿಗಿಳಿದರು. ಸೂರ್ಯ ಹುಟ್ಟುವ ಮೊದಲೇ ಗಿರಣಿಯ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ ಎಂಬುದು ಅವರ ಅಳಲು. ಅದು ನ್ಯಾಯವಾದ ಅಳಲು. ಇತಿಹಾಸದ ಪುಸ್ತಕಗಳು ಇದನ್ನು ವಸಾಹತು ಆಡಳಿತದ ವಿರುದ್ಧದ ರಾಜಕೀಯ ಎಂದಷ್ಟೇ ಓದುವುದುಂಟು. ಆದರೆ ನಿದ್ದೆ ಕಳೆದುಕೊಳ್ಳುವವನ ದೇಹಕ್ಕೆ ಗಡಿಯಾರ ಯಾವ ಸರ್ಕಾರದ್ದು ಎಂಬುದು ಎರಡನೆಯ ಮಾತು. ಮುಂಬಯಿ ತನ್ನ ಕಾಲವನ್ನು 1955ರವರೆಗೆ, ಕಲ್ಕತ್ತ 1948ರವರೆಗೆ ಉಳಿಸಿಕೊಂಡವು. ಎರಡನೆಯ ಮಹಾಯುದ್ಧದಲ್ಲಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ, ಇಡೀ ದೇಶದ ಗಡಿಯಾರವನ್ನೇ ಇನ್ನೊಂದು ಗಂಟೆ ಮುಂದಕ್ಕೆ ತಳ್ಳಲಾಗಿತ್ತು.

ಎರಡು ವಲಯ ಬೇಕೆನ್ನುವವರು

ಗುಜರಾತಿನ ಪಶ್ಚಿಮ ತುದಿಗೂ ಅರುಣಾಚಲದ ಪೂರ್ವ ತುದಿಗೂ 29 ಅಂಶದ ಅಂತರ, ಸೂರ್ಯನ ಲೆಕ್ಕದಲ್ಲಿ ಎರಡು ಗಂಟೆಗೆ ತುಸು ಕಡಿಮೆ. ಗುವಾಹಟಿಯಲ್ಲಿ ಜೂನ್‌ನಲ್ಲಿ ನಾಲ್ಕೂವರೆಗೆ ಬೆಳಗಾಗುತ್ತದೆ, ಚಳಿಗಾಲದಲ್ಲಿ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಕಚೇರಿ ತೆರೆಯುವ ಹೊತ್ತಿಗೆ ಹಗಲಿನ ಹಲವು ಗಂಟೆ ಕಳೆದಿರುತ್ತದೆ. ಅಸ್ಸಾಮಿನ ಚಹಾ ತೋಟಗಳು ಬ್ರಿಟಿಷರ ಕಾಲದಿಂದಲೂ ಒಂದು ಗಂಟೆ ಮುಂದಿನ ‘ಚಾಯ್ ಬಾಗಾನ್’ ಸಮಯವನ್ನು ಪಾಲಿಸಿವೆ. ಚಿತ್ರನಿರ್ದೇಶಕ ಜಾಹ್ನು ಬರುವಾ ಪ್ರತ್ಯೇಕ ಕಾಲವಲಯಕ್ಕಾಗಿ ವರ್ಷಗಟ್ಟಲೆ ವಾದಿಸಿದ್ದಾರೆ. 2014ರಲ್ಲಿ ಅಸ್ಸಾಮಿನ ಮುಖ್ಯಮಂತ್ರಿಯಾಗಿದ್ದ ತರುಣ್ ಗೊಗೊಯ್, 2017ರಲ್ಲಿ ಅರುಣಾಚಲದ ಪೇಮಾ ಖಂಡು ಇದಕ್ಕೆ ದನಿಗೂಡಿಸಿದರು.

ಈ ಪಕ್ಷಕ್ಕೆ ದೊಡ್ಡ ಬಲ ಬಂದದ್ದು 2018ರಲ್ಲಿ. ದೇಶದ ಅಧಿಕೃತ ಕಾಲವನ್ನು ಪರಮಾಣು ಗಡಿಯಾರಗಳಲ್ಲಿ ಕಾಯುವ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ವಿಜ್ಞಾನಿಗಳೇ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಎರಡು ಪ್ರಮಾಣಕಾಲಗಳ ಪ್ರಸ್ತಾಪ ಮುಂದಿಟ್ಟರು. ಪಶ್ಚಿಮ ಬಂಗಾಳ ಮತ್ತು ಅಸ್ಸಾಮಿನ ಗಡಿಯ ಇಕ್ಕಟ್ಟಾದ ಜಾಗದಲ್ಲಿ, 89 ಅಂಶ 52 ಕಲೆಯ ಬಳಿ ಗೆರೆ ಎಳೆದರೆ ಗಡಿಯಾರ ಬದಲಿಸಬೇಕಾದ ರೈಲು ನಿಲ್ದಾಣಗಳು ಎರಡೇ: ನ್ಯೂ ಕೂಚ್‌ಬಿಹಾರ್ ಮತ್ತು ಅಲಿಪುರ್‌ದ್ವಾರ್. ಇಂಧನದ ಉಳಿತಾಯ ವರ್ಷಕ್ಕೆ ಎರಡು ಕೋಟಿ ಯೂನಿಟ್. ಈಶಾನ್ಯದ ಜನರ ಹಗಲನ್ನು ಈ ವಾದ ಚೆನ್ನಾಗಿ ವಿವರಿಸುತ್ತದೆ. ದಕ್ಷಿಣ ಮತ್ತು ಪಶ್ಚಿಮದವರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ನಮ್ಮ ಹದಿನಾರು, ಇಪ್ಪತ್ತು, ಮೂವತ್ತು ನಿಮಿಷಗಳು ಹಾಗೆಯೇ ಉಳಿಯುತ್ತವೆ.

ಅರ್ಧ ಗಂಟೆ ಮುಂದೆ: ಬೆಂಗಳೂರಿನ ವಾದ

ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಡಿ.ಪಿ. ಸೇನ್‌ಗುಪ್ತ ಮತ್ತು ದಿಲೀಪ್ ಅಹುಜ ಬೇರೆ ದಾರಿ ಹಿಡಿದರು. ಎರಡು ವಲಯವಾದರೆ ಗಡಿಯಲ್ಲಿ ರೈಲಿನ ಅಪಾಯ, ವ್ಯವಹಾರದ ಗೊಂದಲ, ಈಶಾನ್ಯಕ್ಕೆ ಇನ್ನಷ್ಟು ಬೇರ್ಪಟ್ಟ ಭಾವನೆ. ಅದರ ಬದಲು ಇಡೀ ದೇಶದ ಗಡಿಯಾರವನ್ನು ಶಾಶ್ವತವಾಗಿ ಅರ್ಧ ಗಂಟೆ ಮುಂದಕ್ಕೆ ಸರಿಸಿ, 90 ಅಂಶದ ರೇಖೆಗೆ ಕಟ್ಟಿ ಎಂದರು. ಸಂಜೆ ದೀಪ ಹಚ್ಚುವ ಹೊತ್ತಿನ ವಿದ್ಯುತ್ ಹೊರೆ ತಗ್ಗಿ ವರ್ಷಕ್ಕೆ ಇನ್ನೂರು ಕೋಟಿಗೂ ಹೆಚ್ಚು ಯೂನಿಟ್ ಉಳಿಯುತ್ತದೆ ಎಂಬುದು ಅವರ ಲೆಕ್ಕ. ಪ್ರಯೋಗಾಲಯದ ಎರಡು ಕೋಟಿಯ ಪಕ್ಕದಲ್ಲಿ ಇದು ಬಹಳ ದೊಡ್ಡ ಸಂಖ್ಯೆ.

ಇದನ್ನು ನಮ್ಮ ಊರುಗಳಿಗೆ ಅನ್ವಯಿಸಿ ನೋಡಬೇಕು. ಹೈದರಾಬಾದಿನ ಹದಿನಾರು ನಿಮಿಷ ನಲವತ್ತಾರಾಗುತ್ತದೆ. ಫೆಬ್ರವರಿಯ ನಡುಹಗಲು ಒಂದು ಗಂಟೆಗೆ ಬೀಳುತ್ತದೆ. ಮಂಗಳೂರು, ಕಾಸರಗೋಡುಗಳಲ್ಲಿ ಸೂರ್ಯ ಗಡಿಯಾರಕ್ಕಿಂತ ಪೂರ್ತಿ ಒಂದು ಗಂಟೆ ಹಿಂದೆ ಬೀಳುತ್ತಾನೆ. ಜನವರಿಯಲ್ಲಿ ಈಗ ಏಳರ ಹತ್ತಿರ ಬೆಳಗಾಗುವ ಕರಾವಳಿಯಲ್ಲಿ ಏಳೂವರೆಗೆ ಬೆಳಗಾದರೆ, ಶಾಲೆಯ ಬಸ್ಸಿಗೆ ಕಾಯುವ ಮಕ್ಕಳು ಕತ್ತಲಲ್ಲೇ ನಿಲ್ಲಬೇಕು.

ವಿದ್ಯುತ್ತಿನ ಲೆಕ್ಕವೂ ಈಗ ಅಷ್ಟು ಸರಳವಲ್ಲ. ಅಮೆರಿಕದ ಇಂಡಿಯಾನಾ ರಾಜ್ಯ 2006ರಲ್ಲಿ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿಯನ್ನು ಅಳವಡಿಸಿಕೊಂಡಾಗ ಮ್ಯಾಥ್ಯೂ ಕಾಚೆನ್ ಮತ್ತು ಲಾರಾ ಗ್ರಾಂಟ್ ಮನೆಗಳ ಬಿಲ್ಲು ಪರಿಶೀಲಿಸಿದರು. ದೀಪದಲ್ಲಿ ಉಳಿದದ್ದು ಎ.ಸಿ. ಮತ್ತು ಹೀಟರಿನಲ್ಲಿ ಹೋಗಿ, ಒಟ್ಟು ಬಳಕೆ ಸುಮಾರು ಶೇ. 1ರಷ್ಟು ಹೆಚ್ಚಿತ್ತು. ದೀಪಗಳು ಎಲ್‌ಇಡಿ ಆಗಿ, ಏಪ್ರಿಲ್-ಮೇ ಸಂಜೆ ಮನೆಮನೆಯಲ್ಲಿ ಎ.ಸಿ. ಓಡುವ ಹೈದರಾಬಾದಿನಂಥ ನಗರಕ್ಕೆ ಬೆಂಗಳೂರಿನ ಹಳೆಯ ಲೆಕ್ಕ ಹೊಂದುತ್ತದೆಯೇ ಎಂದು ಮತ್ತೆ ನೋಡಲೇಬೇಕು.

ನಿದ್ದೆಯ ಲೆಕ್ಕ

ಮೂರನೆಯ ವಾದ ದೀಪವನ್ನು ಬಿಟ್ಟು ಹಾಸಿಗೆಯತ್ತ ನೋಡುತ್ತದೆ. ಅರ್ಥಶಾಸ್ತ್ರಜ್ಞ ಮೌಲಿಕ್ ಜಗ್ನಾನಿ ಭಾರತದ ಮಕ್ಕಳ ನಿದ್ದೆ ಮತ್ತು ಓದಿನ ಮಾಹಿತಿಯನ್ನು ಸೂರ್ಯಾಸ್ತದ ಹೊತ್ತಿನೊಂದಿಗೆ ತೂಗಿದರು. ಸೂರ್ಯ ತಡವಾಗಿ ಮುಳುಗುವಲ್ಲಿ ಮಕ್ಕಳು ತಡವಾಗಿ ಮಲಗುತ್ತಾರೆ. ಶಾಲೆಯ ಗಂಟೆ ಎಲ್ಲೆಡೆ ಒಂದೇ ಆದ್ದರಿಂದ ಏಳುವುದು ತಡವಾಗುವುದಿಲ್ಲ. ಸೂರ್ಯಾಸ್ತ ಒಂದು ಗಂಟೆ ತಡವಾದರೆ ಶಿಕ್ಷಣದಲ್ಲಿ ಸುಮಾರು 0.8 ವರ್ಷ ಕಡಿತ ಎಂದು ಅವರ ಅಂದಾಜು. ಹೆಚ್ಚು ಪೆಟ್ಟು ಬಡವರ ಮಕ್ಕಳಿಗೆ. ಸದ್ದು, ಸೆಕೆ, ಇಕ್ಕಟ್ಟಿನ ಮನೆಯಲ್ಲಿ ಬೇಗ ಮಲಗುವ ಸೌಕರ್ಯವೇ ಅವರಿಗಿಲ್ಲ.

ನನಗೆ ಈ ವಾದ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ಚರ್ಚೆಯ ದಿಕ್ಕನ್ನೇ ಅದು ತಿರುಗಿಸುತ್ತದೆ. ಇದುವರೆಗೆ ನಾವು ಪೂರ್ವದವರ ಕಷ್ಟವನ್ನಷ್ಟೇ ಕೇಳುತ್ತಿದ್ದೆವು. ಜಗ್ನಾನಿಯವರ ಅಂಕಿ ನಿಜವಾದರೆ, ಒಂದೇ ಗಡಿಯಾರದ ಬೆಲೆಯನ್ನು ಮೌನವಾಗಿ ತೆರುತ್ತಿರುವವರು ಪಶ್ಚಿಮದ ಮಕ್ಕಳು. ಕಾರವಾರ, ಬೆಳಗಾವಿಯವರೂ ಅದರಲ್ಲಿದ್ದಾರೆ. ಅರ್ಧ ಗಂಟೆ ಮುಂದಕ್ಕೆ ಎನ್ನುವ ಪ್ರಸ್ತಾಪ ಅವರ ನಿದ್ದೆಯನ್ನು ಇನ್ನೂ ಕಡಿಯುತ್ತದೆ.

ಒಂದೇ ಸಾಕು ಎನ್ನುವ ಸರ್ಕಾರ

ಸರ್ಕಾರದ ನಿಲುವು ಅಷ್ಟಾಗಿ ಬದಲಾಗಿಲ್ಲ. 2001ರಲ್ಲಿ ನೇಮಿಸಿದ ಸಮಿತಿ ದೇಶದ ವಿಸ್ತಾರ ಅಷ್ಟೇನೂ ದೊಡ್ಡದಲ್ಲ, ರೇಖೆ ನಡುವಿನಲ್ಲೇ ಇದೆ ಎಂದು ಬದಲಾವಣೆ ಬೇಡವೆಂದಿತು. 2004ರಲ್ಲಿ ಅದು ಸಂಸತ್ತಿನ ಮುಂದೆ ಬಂತು. 2017ರಲ್ಲಿ ಗುವಾಹಟಿ ಹೈಕೋರ್ಟ್ ಪ್ರತ್ಯೇಕ ವಲಯದ ಅರ್ಜಿಯನ್ನು ತಳ್ಳಿಹಾಕಿತು. 2025ರ ಜನವರಿಯಲ್ಲಿ ಎಲ್ಲ ಕಾನೂನು, ವಾಣಿಜ್ಯ, ಆಡಳಿತ ಕೆಲಸಕ್ಕೂ ಭಾರತೀಯ ಪ್ರಮಾಣಕಾಲವೇ ಕಡ್ಡಾಯ ಎನ್ನುವ ಕರಡು ನಿಯಮ ಹೊರಬಿತ್ತು.

ನೆರೆಹೊರೆಯ ಅನುಭವ ಎರಡೂ ಕಡೆಗೆ ಸಾಕ್ಷಿ ಹೇಳುತ್ತದೆ. ನಮಗಿಂತ ಬಹಳ ಅಗಲವಾದ ಚೀನಾ ಒಂದೇ ಕಾಲವನ್ನು ಪಾಲಿಸುತ್ತದೆ, ಆದರೆ ಷಿನ್‌ಜಿಯಾಂಗಿನ ಜನ ಎರಡು ಗಂಟೆ ಹಿಂದಿನ ತಮ್ಮದೇ ಲೆಕ್ಕ ಇಟ್ಟುಕೊಂಡಿದ್ದಾರೆ. 1996ರಲ್ಲಿ ಗಡಿಯಾರ ಮುಂದೂಡಿದ ಶ್ರೀಲಂಕಾ 2006ರಲ್ಲಿ ನಮ್ಮ ಐದೂವರೆ ಗಂಟೆಗೇ ಮರಳಿತು. ನೇಪಾಳ 1986ರಿಂದ ನಮಗಿಂತ ಹದಿನೈದು ನಿಮಿಷ ಮುಂದಿದೆ.

ಸೂರ್ಯನನ್ನು ಬಿಡದವರು

ಈ ಎಲ್ಲ ಚರ್ಚೆಯ ಆಚೆ, ಊರಿನ ರೇಖಾಂಶವನ್ನು ದಿನವೂ ಪಾಲಿಸುವವರು ಹೈದರಾಬಾದಿನಲ್ಲಿ ಲಕ್ಷಾಂತರ ಮಂದಿ ಇದ್ದಾರೆ. ನಮಾಜಿನ ವೇಳೆ ಸೂರ್ಯನದೇ. ರಂಜಾನಿನಲ್ಲಿ ಹಂಚುವ ಇಫ್ತಾರ್ ವೇಳಾಪಟ್ಟಿ ಹೈದರಾಬಾದಿಗೊಂದು, ಬೀದರಿಗೊಂದು. ಬೀದರಿನವರು ಉಪವಾಸ ಬಿಡುವುದು ಸುಮಾರು ನಾಲ್ಕು ನಿಮಿಷ ತಡವಾಗಿ. ಹೈದರಾಬಾದಿನಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಮೈಸೂರಿನ ಒಂಟಿಕೊಪ್ಪಲ್ ಪಂಚಾಂಗವನ್ನೋ ಮಂತ್ರಾಲಯದ ಪಂಚಾಂಗವನ್ನೋ ಇಟ್ಟುಕೊಂಡರೆ ಒಂದು ಮಾತು ನೆನಪಿರಬೇಕು. ತಿಥಿ ಮುಗಿಯುವ ಕ್ಷಣ ದೇಶಕ್ಕೆಲ್ಲ ಒಂದೇ, ಅದಕ್ಕೆ ತಿದ್ದುಪಡಿ ಬೇಡ. ಸೂರ್ಯೋದಯ, ಲಗ್ನ, ರಾಹುಕಾಲಗಳಿಗೆ ಮಾತ್ರ ಊರಿನ ಲೆಕ್ಕ ಬೇಕು. ರೇಖಾಂಶದ ಒಂದೇ ಕಾರಣದಿಂದ ಮೈಸೂರಿಗೂ ಹೈದರಾಬಾದಿಗೂ ಏಳು ನಿಮಿಷ ವ್ಯತ್ಯಾಸ. ಅಕ್ಷಾಂಶದ ವ್ಯತ್ಯಾಸ ಬೇರೆ. ಸೂರ್ಯೋದಯದ ಹೊತ್ತಿನ ತಿಥಿಯೇ ದಿನದ ತಿಥಿಯಾದ್ದರಿಂದ, ಅಮೆರಿಕದ ಕನ್ನಡ ಕುಟುಂಬಗಳಿಗೆ ಏಕಾದಶಿ ನಮಗಿಂತ ಒಂದು ತಾರೀಖು ಮೊದಲೇ ಬರುವುದುಂಟು. ಅದು ಪಂಚಾಂಗದ ತಪ್ಪಲ್ಲ.

ಇನ್ನೂ ತೀರದ್ದು

ವಿದ್ಯುತ್ತಿನ ಉಳಿತಾಯ ಎರಡು ಕೋಟಿ ಯೂನಿಟ್ಟೋ ಇನ್ನೂರು ಕೋಟಿಯೋ ಎಂಬುದೇ ತೀರ್ಮಾನವಾಗಿಲ್ಲ, ಏಕೆಂದರೆ ಎರಡು ಲೆಕ್ಕಗಳೂ ಬೇರೆ ಬೇರೆ ಬದಲಾವಣೆಗಳನ್ನು ಕುರಿತವು. ಉಳಿದ ವಿದ್ಯುತ್ತನ್ನೂ ಕಳೆದ ನಿದ್ದೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಕೆಲಸ ಬಾಕಿ ಇದೆ. ಗಡಿ ದಾಟುವ ರೈಲಿನ ಸುರಕ್ಷತೆ ಸಿಗ್ನಲ್ ಯಂತ್ರಾಂಶದ ಪ್ರಶ್ನೆಯೋ ಮನುಷ್ಯರ ತಪ್ಪಿನ ಪ್ರಶ್ನೆಯೋ ಎಂಬ ಬಗ್ಗೆ ರೈಲ್ವೆಯ ನಿರ್ಣಾಯಕ ಮಾತು ಬೇಕು. ಈಶಾನ್ಯಕ್ಕೆ ಬೇರೆ ಗಡಿಯಾರ ಕೊಟ್ಟರೆ ಜನ ಹತ್ತಿರವಾಗುತ್ತಾರೋ ದೂರವಾಗುತ್ತಾರೋ ಎಂಬುದು ಖಗೋಳಶಾಸ್ತ್ರ ಬಿಡಿಸುವ ಒಗಟಲ್ಲ; ಅಲ್ಲಿನ ಜನರನ್ನೇ ಕೇಳಬೇಕು.

ಆದರೆ ಶಾಲೆಯ ಗಂಟೆಯನ್ನು ಬದಲಿಸಲು ಇದಾವುದಕ್ಕೂ ಕಾಯಬೇಕಾಗಿಲ್ಲ. ದೇಶದ ಗಡಿಯಾರವನ್ನು ಮುಟ್ಟದೆಯೇ ಜಿಲ್ಲೆಯ ಸೂರ್ಯೋದಯ ನೋಡಿ ಶಾಲೆಯ ವೇಳೆ ನಿಗದಿ ಮಾಡುವ ಅಧಿಕಾರ ರಾಜ್ಯ ಸರ್ಕಾರಗಳ ಕೈಯಲ್ಲಿದೆ. ಕರ್ನಾಟಕವೂ ತೆಲಂಗಾಣವೂ ಬರುವ ಚಳಿಗಾಲದಲ್ಲೇ ಅದನ್ನು ಬಳಸಲಿ, ಮೊದಲು ಪಶ್ಚಿಮದ ಜಿಲ್ಲೆಗಳಿಂದ ಶುರುಮಾಡಲಿ.